ಶುದ್ಧ ತಳಿಯ ಇಲಿ ಹೇಳುವ ಸಾಕ್ಷಿ

"ಬಲಶಾಲಿಯೇ ಬದುಕುತ್ತಾನೆ, ಇದೇ ವಿಕಾಸವಾದದ ತಿರುಳು" ಎಂದು ಭಾಷಣ ಬಿಗಿಯುವವರನ್ನು ಕಂಡಾಗಲೆಲ್ಲ ನನಗೆ ರೇಗುತ್ತದೆ. ಅದರ ಬೆನ್ನಿಗೇ "ಶುದ್ಧ ರಕ್ತ", "ಉತ್ತಮ ವಂಶ" ಎಂಬ ಮಾತುಗಳು ವಿಜ್ಞಾನದ ಮುದ್ರೆ ಒತ್ತಿಸಿಕೊಂಡು ಬರುತ್ತವೆ. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸಿದ ನಾನು ಇದನ್ನು ಒಪ್ಪಲಾರೆ. ನನ್ನ ಪರವಾಗಿ ಸಾಕ್ಷಿ ನುಡಿಯಲು ಪ್ರಯೋಗಾಲಯದ ಇಲಿಯನ್ನು ಕರೆಯುತ್ತೇನೆ.

ಶುದ್ಧತೆಯೇ ಶ್ರೇಷ್ಠತೆಯಾಗಿದ್ದರೆ ಈ ಇಲಿಯನ್ನು ಮೀರಿಸುವವರಿಲ್ಲ. ಕನಿಷ್ಠ 20 ತಲೆಮಾರು ಒಡಹುಟ್ಟಿದವನ್ನೇ ಕೂಡಿಸಿ ಬೆಳೆಸಿದ ತಳಿ ಅದು. ಒಂದೇ ತಳಿಯ ಇಲಿಗಳೆಲ್ಲ ಅವಳಿಗಳಿದ್ದಂತೆ. ಇವುಗಳಿಂದ ವಿಜ್ಞಾನಕ್ಕಾದ ಉಪಕಾರವೂ ದೊಡ್ಡದೇ. 1936ರಲ್ಲಿ ಲಂಡನ್ನಿನ ಪೀಟರ್ ಗೋರರ್ ಸುಳಿವು ಕಂಡ, ಮುಂದೆ ಅಮೆರಿಕದ ಜಾರ್ಜ್ ಸ್ನೆಲ್ ಬಿಡಿಸಿ ತೋರಿಸಿದ ಎಚ್-2 ವಂಶವಾಹಿ ಸಮೂಹ ಬೆಳಕಿಗೆ ಬಂದದ್ದು ಇವುಗಳ ಮೂಲಕವೇ. ಸ್ನೆಲ್‌ಗೆ 1980ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು.

ಆ ಎಚ್-2 ಹೇಳುವ ಕಥೆಯೇ ಶುದ್ಧತಾವಾದಕ್ಕೆ ಉತ್ತರ. ಇಲಿಯ 17ನೆಯ ವರ್ಣತಂತುವಿನ ಈ ವಂಶವಾಹಿಗಳು ರೂಪಿಸುವ ಪ್ರೋಟೀನುಗಳು, ಜೀವಕೋಶವನ್ನು ಹೊಕ್ಕ ವೈರಸ್ಸಿನ ತುಣುಕುಗಳನ್ನು ಕೋಶದ ಹೊರಮೈಯಲ್ಲಿ ಹಿಡಿದು ರಕ್ಷಕ ಕೋಶಗಳಿಗೆ ತೋರಿಸುತ್ತವೆ. ಒಂದೊಂದು ರೂಪದ ಪ್ರೋಟೀನು ಕೆಲವು ಬಗೆಯ ತುಣುಕುಗಳನ್ನಷ್ಟೇ ಹಿಡಿಯಬಲ್ಲದು. ಎಲ್ಲರಲ್ಲೂ ಒಂದೇ ರೂಪವಿದ್ದರೆ, ಅದರ ಕಣ್ಣು ತಪ್ಪಿಸಲು ಕಲಿತ ರೋಗಾಣು ಇಡೀ ಕುಲವನ್ನೇ ಮುಗಿಸೀತು. ಆದ್ದರಿಂದ ಅಪರೂಪದ ರೂಪಕ್ಕೆ ಮೇಲುಗೈ. ಅದೇ ಸಾಮಾನ್ಯವಾದೊಡನೆ ಆ ಮೇಲುಗೈ ಕರಗುತ್ತದೆ. ಬಯಲಿನ ಇಲಿಗಳಲ್ಲಿ ಇಂತಹ ಹತ್ತಾರು ರೂಪಗಳು ಉಳಿದುಬಂದಿವೆ. ಕೆಲವು ರೂಪಗಳ ವಂಶಾವಳಿ ಇಂದಿನ ಇಲಿ ಪ್ರಭೇದಗಳು ಕವಲೊಡೆಯುವುದಕ್ಕಿಂತಲೂ ಹಳೆಯದು. ನಿಸರ್ಗ ಕಾಪಾಡಿದ್ದು ವೈವಿಧ್ಯವನ್ನು, ಒಬ್ಬ ವಿಜೇತನನ್ನಲ್ಲ.

"ಆದರೂ ಉತ್ತಮ, ಅಧಮ ಎಂಬುದು ಇರಲೇಬೇಕಲ್ಲ?" ಎನ್ನುವವರು ಸಿ3ಎಚ್/ಎಚ್‌ಇಜೆ ಎಂಬ ತಳಿಯನ್ನು ನೋಡಲಿ. ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಿಷವನ್ನು ಚುಚ್ಚಿದರೆ, ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣಕ್ಕೂ ಇದು ಜಗ್ಗದು. ಎಂಥ ಬಲಶಾಲಿ! ಆದರೆ ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಬಹುಬೇಗ ಸೋಲುತ್ತದೆ. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡ ಇದರ ಮೂಲವನ್ನು ತೋರಿಸಿತು: ಟಿಎಲ್‌ಆರ್4 ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಆ ವಿಷದ ಸುಳಿವೇ ಸಿಗದ ದೇಹ ಉದ್ರೇಕಗೊಂಡು ಸಾಯುವುದೂ ಇಲ್ಲ, ಎಚ್ಚೆತ್ತು ಕಾದುವುದೂ ಇಲ್ಲ. ಈಗ ಹೇಳಿ, ಈ ವಂಶವಾಹಿ ಉತ್ತಮವೋ ಅಧಮವೋ?

ಇನ್‌ಫ್ಲುಯೆಂಜಾ ವೈರಸ್ಸನ್ನು ತಡೆಯುವ ಎಂಎಕ್ಸ್1 ಎಂಬ ವಂಶವಾಹಿಯಂತೂ ಬಹುತೇಕ ಶುದ್ಧ ತಳಿಗಳಲ್ಲಿ ಕೆಟ್ಟುಹೋಗಿದೆ. ಪಂಜರದೊಳಗೆ ಆ ಕೊರತೆ ಕಾಣದು, ಏಕೆಂದರೆ ಕಾಯಲು ಮನುಷ್ಯನಿದ್ದಾನೆ. ಶುದ್ಧ ತಳಿ ಸಂಶೋಧಕನ ಕೈಯ ಉಪಕರಣವೇ ಹೊರತು ಬದುಕಿನ ಆದರ್ಶವಲ್ಲ.

ಇಲಿಯ ಎಚ್-2ಗೆ ಸಮನಾದ ವಂಶವಾಹಿ ಸಮೂಹ ನಮ್ಮ 6ನೆಯ ವರ್ಣತಂತುವಿನಲ್ಲಿದೆ. ಅಲ್ಲಿಯೂ ವೈವಿಧ್ಯದ್ದೇ ರಾಜ್ಯಭಾರ. ಆದುದರಿಂದ ಓದುಗ ಮಿತ್ರರೇ, ಯಾರಾದರೂ ತಮ್ಮ ರಕ್ತದ ಶ್ರೇಷ್ಠತೆಯನ್ನು ಕೊಂಡಾಡತೊಡಗಿದರೆ ಜಗಳಕ್ಕಿಳಿಯಬೇಡಿ. "ಯಾವ ರೋಗದೆದುರು ಶ್ರೇಷ್ಠ, ಸ್ವಾಮಿ?" ಎಂದಷ್ಟೇ ಕೇಳಿ.