ಸವೆದದ್ದೆಲ್ಲ ಟಂಕಸಾಲೆಯ ತಪ್ಪಲ್ಲ

ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯವಿದ್ದರೆ ಲಕ್ಷಾಧೀಶರಾಗಬಹುದಂತೆ. 10 ರೂಪಾಯಿ ನಾಣ್ಯದಲ್ಲಿ 10 ಗೆರೆಗಳಿದ್ದರೆ ಅಸಲಿ, 15 ಇದ್ದರೆ ನಕಲಿಯಂತೆ. ಎರಡೂ ಸುದ್ದಿ ನಮ್ಮ ಮೊಬೈಲಿಗೆ ಬಂದಿವೆ, ಓದು ಬಲ್ಲವರೇ ಮುಂದಕ್ಕೆ ಕಳಿಸಿದ್ದಾರೆ. ಕೈಯಲ್ಲಿರುವ ನಾಣ್ಯವನ್ನು ತಿರುಗಿಸಿ ನೋಡುವ ಶ್ರಮ ಮಾತ್ರ ಯಾರಿಗೂ ಬೇಡ.

ವೈಷ್ಣೋದೇವಿ ನಾಣ್ಯ 2012ರ ಸ್ಮರಣಾರ್ಥ ನಾಣ್ಯ, ತಪ್ಪಿ ಅಚ್ಚಾದದ್ದಲ್ಲ. ಇಸವಿಯ ಕೆಳಗಿನ ನಕ್ಷತ್ರವೂ ತಪ್ಪಲ್ಲ, ಹೈದರಾಬಾದ್ ಟಂಕಸಾಲೆಯ ಗುರುತು. ನೋಯಿಡಾದ್ದು ಚುಕ್ಕೆ, ಮುಂಬೈಯದ್ದು ವಜ್ರಾಕೃತಿ. ಕೋಲ್ಕತ್ತಾದ್ದಕ್ಕೆ ಗುರುತೇ ಇರುವುದಿಲ್ಲ.

ಹಾಗಾದರೆ ನಿಜವಾದ ದೋಷ ಯಾವುದು? ಅಚ್ಚು ಬಿರುಕು ಬಿಟ್ಟಿದ್ದರೆ, ಒತ್ತುವಾಗ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಜೇಬಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಆದ ಗೀರು ತಗ್ಗಾಗಿರುತ್ತದೆ. ಉಗುರಿನಿಂದ ಸವರಿದರೆ ಸಾಕು. ಸವೆತ ಮೊದಲು ತಿನ್ನುವುದು ಎತ್ತರದ ಭಾಗಗಳನ್ನು. ಸಿಂಹದ ಮುಖ ನುಣುಪಾದರೆ ಅದು ಸಾವಿರ ಕೈಗಳ ಕೆಲಸ. ಅಂಚು ತುಂಡಾದ ನಾಣ್ಯ ಸಿಕ್ಕರೆ ಅದರ ಎದುರು ಬದಿಯನ್ನು ನೋಡಿ. ಅಚ್ಚೊತ್ತುವ ಮೊದಲೇ ಬಿಲ್ಲೆ ತುಂಡಾಗಿದ್ದರೆ ಎದುರಿನ ಅಂಚೂ ಸಾಮಾನ್ಯವಾಗಿ ಪೇಲವವಾಗಿರುತ್ತದೆ. ಆಮೇಲೆ ಅರದಿಂದ ಉಜ್ಜಿ ‘ಅಪರೂಪ’ ಮಾಡಿದವರಿಗೆ ಈ ಎದುರು ಬದಿ ನೆನಪಾಗುವುದಿಲ್ಲ!

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಓಲೆಗರಿಯಲ್ಲಿ ಲಿಪಿಕಾರನ ಕೈತಪ್ಪು ಬೇರೆ, ಪಾಠಾಂತರ ಬೇರೆ, ಹುಳು ತಿಂದ ತೂತು ಬೇರೆ. ತರಗತಿಯಲ್ಲಿ ಇದನ್ನು ಕಲಿತವರು ಅಂಗಡಿಯಲ್ಲೇಕೆ ಮರೆಯುತ್ತಾರೆ?

ಆಸೆಗೆ ಬಿದ್ದವರು ಕಳೆದುಕೊಳ್ಳುವುದು ಕಮಿಷನ್ನಿನ ಹಣ. ತನ್ನ ಹೆಸರು ಹೇಳಿ ಹಳೆಯ ನಾಣ್ಯಗಳಿಗೆ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನನಗೆ ಹೆಚ್ಚು ಸಿಟ್ಟು ಬರುವುದು ಗೆರೆ ಎಣಿಸುವವರ ಮೇಲೆ. 10 ರೂಪಾಯಿ ನಾಣ್ಯಗಳು 14 ವಿನ್ಯಾಸಗಳಲ್ಲಿ ಬಂದಿವೆ, ರೂಪಾಯಿ ಚಿಹ್ನೆ ಇರಲಿ ಬಿಡಲಿ ಎಲ್ಲವೂ ಚಲಾವಣೆಯಲ್ಲಿವೆ ಎಂದು ಅದೇ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿತು. ಆದರೂ ಸೊಪ್ಪು ಮಾರುವ ಅಮ್ಮ ಇಡೀ ಬೆಳಗ್ಗೆ ಕೂತು ಗಳಿಸಿದ್ದನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟರೆ ‘ಇದು ನಡೆಯಲ್ಲಮ್ಮ’ ಎಂಬ ಉತ್ತರ. ನಮ್ಮಂಥವರಾದರೆ ಫೋನ್ ತೆಗೆದು ಹಣ ಕಟ್ಟಿ ಹೊರಡುತ್ತೇವೆ. 2011ರ ನಾಣ್ಯ ಕಾಯ್ದೆಯ ಪ್ರಕಾರ 1,000 ರೂಪಾಯಿವರೆಗಿನ ಪಾವತಿಗೆ ಈ ನಾಣ್ಯಗಳು ಸಿಂಧು. ಅಂದರೆ ನೂರು ನಾಣ್ಯ. ಆಕೆಯ ಅಂಗೈಯಲ್ಲಿರುವುದು ಎರಡು.