ಗುರುತಿನ ಕೀಲಿ ರೈತನ ಕೈಯಲ್ಲಿರಲಿ



ಸಾಲಕ್ಕೋ ಬೆಳೆ ವಿಮೆಗೋ ಹೋದಾಗ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿಗಳನ್ನು ಕೊಟ್ಟು ಬರುತ್ತೇವೆ. ಅವು ಮುಂದೆ ಯಾರ ಕೈ ಸೇರುತ್ತವೆಂದು ವಿಚಾರಿಸುವವರು ವಿರಳ. ಇದಕ್ಕೊಂದು ಪರಿಹಾರವಾಗಿ ಬ್ಲಾಕ್‌ಚೈನ್ ಪದ್ಧತಿಯನ್ನು ಸೂಚಿಸಲಾಗುತ್ತಿದೆ.

ಇದು ಒಂದೇ ಲೆಕ್ಕದ ಪುಸ್ತಕವನ್ನು ಹಲವು ಗಣಕಯಂತ್ರಗಳಲ್ಲಿ ಇಡುವ ಕ್ರಮ. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದ ಗುರುತು ಇರುವುದರಿಂದ, ಒಂದನ್ನು ತಿದ್ದಿದರೆ ಮುಂದಿನವು ತಾಳೆಯಾಗುವುದಿಲ್ಲ. ಗುರುತು ರುಜುವಾತುಪಡಿಸುವ ಗುಪ್ತ ಕೀಲಿ ನಿಮ್ಮ ಮೊಬೈಲಿನಲ್ಲೇ ಉಳಿಯುತ್ತದೆ. ಪುಸ್ತಕದಲ್ಲಿರುವುದು ಅದಕ್ಕೆ ಹೊಂದುವ ಬಹಿರಂಗ ಕೀಲಿ ಮಾತ್ರ. ಯಾವ ದಾಖಲೆಯನ್ನು ಯಾರು, ಎಷ್ಟು ದಿನ ನೋಡಬಹುದೆಂದು ನೀವೇ ಅನುಮತಿ ಕೊಡುವಂತೆ ಇದನ್ನು ರೂಪಿಸಬಹುದು. ಇಂಥ ಗುರುತಿಗೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2022ರಲ್ಲಿ ಮಾನದಂಡ ಪ್ರಕಟಿಸಿತು.

ಆದರೆ ಜೊಳ್ಳು ಬೀಜದ ಚೀಲಕ್ಕೆ ಪ್ರಮಾಣೀಕೃತ ಚೀಟಿ ಕಟ್ಟಿದರೆ ಅದು ಮೊಳೆಯುವುದೇ? ಸರ್ವೆ ನಂಬರು ತಪ್ಪಾಗಿ ಸೇರಿದರೆ ಈ ಸರಪಳಿ ಆ ತಪ್ಪನ್ನೇ ಕಾಯುತ್ತದೆ. ಮೊಬೈಲಿನೊಡನೆ ಕೀಲಿಯೂ ಕಳೆದರೆ, ಮೊದಲೇ ಏರ್ಪಾಡಿಲ್ಲದಿದ್ದಲ್ಲಿ, ಗುರುತೇ ಕೈತಪ್ಪುತ್ತದೆ.

ಆದುದರಿಂದ ದಾಖಲೆಗಳನ್ನು ಮೊದಲು ಗ್ರಾಮಸಭೆಯಲ್ಲಿ ಓದಿ ಸರಿಪಡಿಸಬೇಕು; ಕಳೆದ ಕೀಲಿಗೆ ಬದಲಿ ವ್ಯವಸ್ಥೆ ಇರಬೇಕು; ಮೊಬೈಲ್ ಇಲ್ಲದವರಿಗೆ ಬೇರೆ ದಾರಿ ಇರಬೇಕು. ಇವಿಲ್ಲದೆ ಹೊಸ ಪದ್ಧತಿ ಬೇಡವೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಿಮ್ಮ ಪಹಣಿಯಲ್ಲಿ ಹೆಸರು, ವಿಸ್ತೀರ್ಣ ನೋಡಿಕೊಳ್ಳಿ. ಜೆರಾಕ್ಸ್ ಪ್ರತಿಯ ಮೇಲೆ ಉದ್ದೇಶ, ತಾರೀಖು ಬರೆದು ಸಹಿ ಮಾಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ.