ಗಿಡದಲ್ಲೇ ಮಾಗಬೇಕಾದ ಹಣ್ಣು

ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದನ್ನು ನಮ್ಮ ಹಿರಿಯರು ಬಲ್ಲರು. ಬಾಳೆಯೂ ಗೊನೆ ಕಡಿದ ಮೇಲೆ ಸಿಹಿಯಾಗುತ್ತದೆ. ಸ್ಟ್ರಾಬೆರಿಯ ಸ್ವಭಾವ ಹಾಗಲ್ಲ. ಗಿಡದಿಂದ ಬೇರ್ಪಟ್ಟ ಮೇಲೆ ಅದರ ಕೆಂಪು ಏರಬಹುದು, ಸಿಹಿ ಏರದು.

ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂತಹ ಹಣ್ಣನ್ನೂ ದೂರದ ಪೇಟೆಗೆ ಕಳುಹಿಸಬೇಕಾದರೆ ಪೂರ್ತಿ ಮಾಗುವ ಮುನ್ನವೇ ಕೊಯ್ಯಬೇಕಾಗುತ್ತದೆ. ಮಾಗಿದ್ದು ದಾರಿಯಲ್ಲೇ ನಜ್ಜುಗುಜ್ಜಾಗುತ್ತದೆ. ಆದುದರಿಂದ ಅಂಗಡಿಯ ಹಣ್ಣು ಹುಳಿಯೆಂದು ಬೆಳೆದ ರೈತನನ್ನು ದೂರುವುದು ನ್ಯಾಯವಲ್ಲ.

ನಾವು ಅಂಗಳದ ಎರಡು ಕುಂಡಗಳಲ್ಲಿ ಸಸಿ ನೆಟ್ಟು ನೋಡಿದೆವು. ದೊರೆತ ಹಣ್ಣು ಒಂದು ಬೊಗಸೆಗೂ ಕಡಿಮೆ, ಗಾತ್ರವೂ ಕಿರಿದು. ಆದರೆ ತೊಟ್ಟಿನವರೆಗೂ ಕೆಂಪಾದ ಮೇಲೆ ಬಿಡಿಸಿದ್ದರಿಂದ ಅದರ ಸವಿ ನಾಲಗೆಗಿಂತ ಮೊದಲು ಮೂಗಿಗೆ ತಿಳಿಯಿತು.

ಮಳೆಗಾಲ ಮುಗಿಯುತ್ತಲೇ ತಾಯಂದಿರು ಒಂದೆರಡು ಸಸಿಗಳನ್ನು ನೆಡಲಿ. ತೊಟ್ಟಿನ ಬಳಿ ಇನ್ನೂ ಬಿಳಿಯಾಗಿರುವ ಹಣ್ಣಿಗೆ ಕೈಚಾಚುವ ಮಗುವಿಗೆ, "ಇನ್ನೆರಡು ದಿನ ತಾಳು ಕಂದಾ" ಎನ್ನಲಿ. ಹಣ್ಣನ್ನು ಎಲ್ಲಿಯಾದರೂ ಕೊಳ್ಳಬಹುದು. ಆ ಎರಡು ದಿನಗಳನ್ನು ಮನೆಯಲ್ಲಿಯೇ ಕಾಯಬೇಕು.